ಕೊಕ್ಕೆ ಕಿತ್ತು ಪಟ್ಟಿ ಹೊಲಿಯುವ ಮೊದಲು

ಹಾಯಿದೋಣಿಯ ಮೂತಿಯಿಂದ ಕಂಬದ ಮೇಲ್ತುದಿಗೆ ಬಿಗಿದ ಉಕ್ಕಿನ ತಂತಿಗೆ ಮುಂಹಾಯಿಯನ್ನು ಕಂಚಿನ ಕೊಕ್ಕೆಗಳಿಂದ ಸಾಲಾಗಿ ಸಿಕ್ಕಿಸುವುದು ಹಳೆಯ ಪದ್ಧತಿ. ಗಾಳಿ ಜೋರಾದರೆ ಯಾರಾದರೂ ನೀರು ಹೊಡೆಯುವ ಮೂತಿಗೆ ಹೋಗಿ ದೊಡ್ಡ ಹಾಯಿ ಬಿಚ್ಚಿ ಚಿಕ್ಕದನ್ನು ಕಟ್ಟಬೇಕು. ರೋಲರ್ ಫರ್ಲರ್ ಈ ಅಪಾಯದ ಓಡಾಟವನ್ನು ತಪ್ಪಿಸುತ್ತದೆ. ತಂತಿಯ ಮೇಲೊಂದು ಅಲ್ಯೂಮಿನಿಯಂ ಕೊಳವೆ, ಅದರ ಬುಡದಲ್ಲಿ ಡ್ರಮ್ಮು. ಹಿಂದೆ ಕುಳಿತೇ ಹಗ್ಗ ಎಳೆದರೆ ಹಾಯಿ ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಹೀಗಾಗಿ ಇರುವ ಹಾಯಿಯ ಕೊಕ್ಕೆ ಕಿತ್ತು, ಕೊಳವೆಯ ಸಂದಿನಲ್ಲಿ ಜಾರುವ ಪಟ್ಟಿ ಹೊಲಿಸಿದರಾಯಿತು ಎಂದು ಅನೇಕರು ಭಾವಿಸುತ್ತಾರೆ. ಪಟ್ಟಿ ಹೊಲಿಯುವುದು ಸುಲಭದ ಭಾಗ. ಅದಕ್ಕೆ ಮೊದಲು ಅಳತೆಯೂ ಬಟ್ಟೆಯೂ ಪರೀಕ್ಷೆಯಲ್ಲಿ ಗೆಲ್ಲಬೇಕು.

ಕೆಳಗೆ ಡ್ರಮ್ಮು, ಮೇಲೆ ಹಾಯಿಯ ತಲೆ ಹಿಡಿದು ತಿರುಗುವ ಸ್ವಿವೆಲ್, ಎರಡೂ ಜಾಗ ತಿನ್ನುತ್ತವೆ. ಪೂರ್ತಿ ಉದ್ದದ ಹಾಯಿಯ ಮುಂದಂಚನ್ನು ಅಷ್ಟು ಮೊಟಕು ಮಾಡಲೇಬೇಕು. ಆದರೆ ಹೆಚ್ಚು ಗಿಡ್ಡವಾದರೆ ಇನ್ನೂ ಕೆಟ್ಟದ್ದು. ಸ್ವಿವೆಲ್‌ನ ಕೆಳಭಾಗ ಹಾಯಿಯೊಡನೆ ಸುತ್ತುತ್ತದೆ, ಮೇಲ್ಭಾಗ ಹಾಯಿ ಏರಿಸುವ ಹಗ್ಗದ ಹಿಡಿತದಲ್ಲಿ ನಿಶ್ಚಲವಾಗಿ ನಿಲ್ಲಬೇಕು. ಅದಕ್ಕಾಗಿ ಆ ಹಗ್ಗ ಕೊಳವೆಯಿಂದ ಕಂಬದ ಕಡೆಗೆ ಸುಮಾರು 8ರಿಂದ 10 ಡಿಗ್ರಿ ಓರೆಯಾಗಿರಬೇಕು. ಸ್ವಿವೆಲ್ ತೀರ ಕೆಳಗೆ ನಿಂತರೆ ಹಗ್ಗ ಕೊಳವೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಸುತ್ತುವಾಗ ಅದಕ್ಕೇ ಹೆಣೆದುಕೊಳ್ಳುತ್ತದೆ. ಸಿಕ್ಕಿಕೊಂಡಿತೆಂದು ವಿಂಚ್‌ನಿಂದ ಬಲವಂತವಾಗಿ ಎಳೆದರೆ ಕೊಳವೆ ತಿರುಚಬಹುದು, ಒಳಗಿನ ತಂತಿಯ ಎಳೆ ಹರಿಯಬಹುದು. ಕಂಬವನ್ನು ಮುಂದಿನಿಂದ ಹಿಡಿದಿರುವುದು ಆ ತಂತಿಯೇ. ಗಿಡ್ಡ ಹಾಯಿಗೆ ತಲೆ ಮತ್ತು ಸ್ವಿವೆಲ್ ನಡುವೆ ಅಳತೆಯ ಹಗ್ಗದ ತುಂಡೊಂದನ್ನು ಸೇರಿಸಿದರೆ ಸಾಕು. ಖರ್ಚು ಅತ್ಯಲ್ಪ, ಆದರೂ ಮರೆತುಹೋಗುವುದು ಇದೇ.

ಇನ್ನು ಬಟ್ಟೆ. ಸುತ್ತಿದ ಹಾಯಿ ತಿಂಗಳುಗಟ್ಟಲೆ ಬಿಸಿಲಿನಲ್ಲೇ ನಿಲ್ಲುವುದರಿಂದ ಹೊರಗೆ ಕಾಣುವ ಹಿಂದಂಚಿಗೂ ಕೆಳಗಿನ ಅಂಚಿಗೂ ಬಿಸಿಲು ತಡೆಯುವ ಪಟ್ಟಿ ಬೇಕು. ಯಾವ ಮಗ್ಗುಲಿಗೆಂಬುದನ್ನು ಡ್ರಮ್ಮು ಸುತ್ತುವ ದಿಕ್ಕು ತೀರ್ಮಾನಿಸುತ್ತದೆ. ಅರ್ಧ ಸುತ್ತಿದಾಗ ಹಾಯಿಯ ಹೊಟ್ಟೆ ಉಬ್ಬಿಯೇ ಉಳಿಯದಂತೆ ಮುಂದಂಚಿನ ನಡುವೆ ದಪ್ಪನಾದ ಫೋಮ್ ಪಟ್ಟಿ ಸೇರಿಸುವುದೂ ಒಳ್ಳೆಯದು. ಇಷ್ಟೆಲ್ಲ ಕೂಲಿಯನ್ನು ಸೋತ ಬಟ್ಟೆಯ ಮೇಲೆ ಸುರಿಯಬಾರದು. ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ: ದಾರ ಪಟಪಟನೆ ತುಂಡಾದರೆ ಬಿಸಿಲು ತಿಂದಿದೆ. ದಾರವನ್ನಾದರೂ ಬದಲಿಸಬಹುದು. ಡಾಕ್ರಾನ್ ಬಟ್ಟೆಯೇ ಹಿಗ್ಗಿ ಹೊಟ್ಟೆ ಹಿಂದಕ್ಕೆ ಸರಿದಿದ್ದರೆ ದೋಣಿ ಮುಂದೆ ಸಾಗುವ ಬದಲು ಪಕ್ಕಕ್ಕೆ ವಾಲುತ್ತದೆ, ಹೊಸ ಪಟ್ಟಿ ಅದನ್ನು ಸರಿಪಡಿಸದು.

ಹೊಸ ಹಾಯಿ ದುಬಾರಿಯಲ್ಲವೇ ಎಂಬ ಆಕ್ಷೇಪ ನಿಜವೇ. ಗಟ್ಟಿ ಬಟ್ಟೆಯ ದೊಡ್ಡ ಹಾಯಿಯಿದ್ದರೆ ಮಾರ್ಪಾಡೇ ಜಾಣತನ. ಫರ್ಲರ್ ಬಿರುಗಾಳಿಯಲ್ಲಿ ಸಿಕ್ಕಿಕೊಂಡರೆ ಎಂಬ ಭಯವೂ ಸುಳ್ಳಲ್ಲ. ಕೊಳವೆಗೆ ಹಳೆಯ ಕೊಕ್ಕೆ ಸಿಗಿಸಲಾಗದು, ಹಾಗಾಗಿ ಬಿರುಗಾಳಿಯ ಚಿಕ್ಕ ಹಾಯಿಗೆ ಈ ತಂತಿಗೂ ಕಂಬಕ್ಕೂ ನಡುವೆ ಬಿಚ್ಚಿ ಕಟ್ಟುವ ಎರಡನೆಯ ತಂತಿ ಬೇಕಾಗುತ್ತದೆ. ದೂರ ಸಾಗರಕ್ಕೆ ಇಳಿಯುವವರು ಅದರ ಬೆಲೆಯನ್ನೂ ಫರ್ಲರ್‌ನ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು.