ಪಿಕಪ್‌ಗೆ ಸಿಂಥೆಟಿಕ್ ಆಯಿಲ್: ಎಲ್ಲಿ ದುಡ್ಡು ವಸೂಲಿ, ಎಲ್ಲಿ ದಂಡ

ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಾಗಲಿ, ದುಬೈನ ಅಲ್ ಕೋಜ್‌ನಲ್ಲಾಗಲಿ, ಆಯಿಲ್ ಚೇಂಜ್‌ಗೆ ಪಿಕಪ್ ನಿಲ್ಲಿಸಿದ ಕೂಡಲೇ ಗ್ಯಾರೇಜ್ ಹುಡುಗ ಕೇಳುವ ಪ್ರಶ್ನೆ ಒಂದೇ: "ಸಾದಾ ಹಾಕಲಾ, ಸಿಂಥೆಟಿಕ್ ಹಾಕಲಾ?" ನಮ್ಮವರಲ್ಲಿ ಹೆಚ್ಚಿನವರು ಆಗ ರೇಟು ಕೇಳುತ್ತಾರೆ, ಗ್ರೇಡ್ ಕೇಳುವುದಿಲ್ಲ. ಸ್ವಂತ ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆಯುವವರಿಗೆ ಎಂಜಿನ್ ಕೈಕೊಟ್ಟರೆ ರಿಪೇರಿ ಖರ್ಚಿನ ಜತೆಗೆ ಗಾಡಿ ನಿಂತಷ್ಟು ದಿನದ ಸಂಪಾದನೆಯೂ ಹೋಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಕಂಪನಿ ಗಾಡಿ ಆದರೆ ಮೊದಲ ಬೆರಳು ತೋರಿಸುವುದೇ ಡ್ರೈವರ್ ಕಡೆ. ಹಾಗಾಗಿ ಬೇಸಿಗೆ ಏರುವ ಮೊದಲು ಈ ವಿಷಯ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಹೆಸರಿನ ಗೊಂದಲ. ಡಬ್ಬಿಯ ಮೇಲೆ 'ಫುಲ್ಲಿ ಸಿಂಥೆಟಿಕ್' ಅಂತ ಇದ್ದ ಮಾತ್ರಕ್ಕೆ ಒಳಗಿರುವುದು ಪ್ರಯೋಗಾಲಯದಲ್ಲಿ ಕಟ್ಟಿದ ರಾಸಾಯನಿಕವೇ ಎಂದೇನಿಲ್ಲ. ಮೂಲ ಎಣ್ಣೆಯನ್ನು ಒಂದರಿಂದ ಐದರವರೆಗೆ ಗುಂಪು ಮಾಡಿದ್ದಾರೆ. ಒಂದು, ಎರಡು ಎಂದರೆ ಮಿನರಲ್. ಮೂರನೆಯದು ಕಚ್ಚಾ ಎಣ್ಣೆಯನ್ನೇ ಹೈಡ್ರೋಜನ್ ಜತೆ ತುಂಬಾ ಬಿಗಿಯಾಗಿ ಶುದ್ಧ ಮಾಡಿದ್ದು. ನಾಲ್ಕನೆಯದು ಪಿಎಒ ಎಂಬ ನಿಜವಾಗಿ ಕಟ್ಟಿದ ಎಣ್ಣೆ. ಮೂರನೆಯದನ್ನು ಸಿಂಥೆಟಿಕ್ ಎನ್ನಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಜಗಳವೇ ಆಯಿತು. 1999ರಲ್ಲಿ ಅಲ್ಲಿನ ಜಾಹೀರಾತು ತಕರಾರು ಮಂಡಳಿ 'ಎನ್ನಬಹುದು' ಅಂದಿತು. ಜರ್ಮನಿಯಲ್ಲಿ ಮಾತ್ರ ಈಗಲೂ ಮೂರನೇ ಗುಂಪಿಗೆ ಆ ಹೆಸರು ಕೊಡುವ ಹಾಗಿಲ್ಲ. ಇದರಿಂದ ಮೂರನೇ ಗುಂಪು ಕೆಟ್ಟದ್ದು ಅಂತಲ್ಲ. ನಮ್ಮ ಸುತ್ತಲೇ, ಅಬುಧಾಬಿಯ ರುವೈಸ್‌ನಲ್ಲಿ, ಬಹರೈನ್‌ನಲ್ಲಿ ಅದು ತಯಾರಾಗುತ್ತದೆ. ಕತಾರ್‌ನ ರಾಸ್ ಲಫಾನ್‌ನಲ್ಲಿ ನೈಸರ್ಗಿಕ ಅನಿಲದಿಂದಲೇ ಮೂಲ ಎಣ್ಣೆ ತೆಗೆಯುತ್ತಾರೆ. ಒಳ್ಳೆಯ ಎಣ್ಣೆಗಳೇ. ಡಬ್ಬಿಯ ದೊಡ್ಡ ಅಕ್ಷರಕ್ಕೆ ಮರುಳಾಗದೆ ಹಿಂದುಗಡೆಯ ಸಣ್ಣ ಅಕ್ಷರ ಓದಿ ಎನ್ನುವುದಷ್ಟೇ ನನ್ನ ಮಾತು.

ಆ ಸಣ್ಣ ಅಕ್ಷರದಲ್ಲಿ ಎರಡು ಸಂಗತಿ ನೋಡಬೇಕು. ಒಂದು ಗ್ರೇಡ್: 5ಡಬ್ಲ್ಯೂ-30, 15ಡಬ್ಲ್ಯೂ-40 ಎಂಬುದು. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಗುರುತು. 5ಡಬ್ಲ್ಯೂ ಎಣ್ಣೆಯ ಈ ಪರೀಕ್ಷೆ ನಡೆಯುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ, 15ಡಬ್ಲ್ಯೂ ಎಣ್ಣೆಯದ್ದು 20 ಡಿಗ್ರಿ ಕೆಳಗೆ. ದುಬೈನಲ್ಲಿ ಜನವರಿ ರಾತ್ರಿಗೂ ಇದಕ್ಕೂ ಸಂಬಂಧವೇ ಇಲ್ಲ ಮಾರಾಯ್ರೆ! ನಮಗೆ ಮುಖ್ಯ ಎರಡನೇ ಅಂಕಿ, ಎಣ್ಣೆ 100 ಡಿಗ್ರಿ ಬಿಸಿಯಾದಾಗಿನ ದಪ್ಪ. 40 ಎಂದರೆ 30ಕ್ಕಿಂತ ದಪ್ಪ.

"ಇಲ್ಲಿ ಸೆಖೆ ಜಾಸ್ತಿ, ಆದ್ದರಿಂದ ದಪ್ಪ ಎಣ್ಣೆಯೇ ಹಾಕಬೇಕು" ಎನ್ನುವ ಮಾತು ಊರಿಂದಲೇ ನಮ್ಮ ಜತೆ ಬಂದದ್ದು. ಮಂಗಳೂರು, ಉಡುಪಿ ಕಡೆ ಹಳೇ ಡೀಸೆಲ್ ಗಾಡಿ ಓಡಿಸಿದವರಿಗೆ 15ಡಬ್ಲ್ಯೂ-40 ಬಿಟ್ಟು ಬೇರೆ ಎಣ್ಣೆ ಗೊತ್ತಿಲ್ಲ. ಆದರೆ ಹೊರಗೆ 30 ಇರಲಿ, 48 ಇರಲಿ, ಕೂಲೆಂಟ್ ಮತ್ತು ಥರ್ಮೋಸ್ಟಾಟ್ ಎಂಜಿನನ್ನು ಹೆಚ್ಚು ಕಡಿಮೆ ಒಂದೇ ಬಿಸಿಯಲ್ಲಿ ಇಡುತ್ತವೆ. ಎಣ್ಣೆಯ ಬಿಸಿ ನಿಜವಾಗಿ ಏರುವುದು ಓವರ್‌ಲೋಡ್ ಹಾಕಿ ಹಟ್ಟಾ ಕಡೆ ಘಾಟಿ ಹತ್ತುವಾಗ, ಹೈವೇಯಲ್ಲಿ ಗಂಟೆಗಟ್ಟಲೆ ಜೋರಾಗಿ ಓಡಿಸುವಾಗ. ಟೊಯೋಟಾದ ಕೈಪಿಡಿಗಳೂ ಇದನ್ನೇ ಹೇಳುತ್ತವೆ: ಅತಿ ವೇಗ, ಅತಿ ಭಾರ ಇದ್ದರೆ ಹೆಚ್ಚು ದಪ್ಪದ ಎಣ್ಣೆ ಚೆನ್ನಾಗಿ ಹೊಂದಬಹುದು ಅಂತ. ಆದ್ದರಿಂದ ಕೈಪಿಡಿಯಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಭಾರ ಹೊರುವ ಪಿಕಪ್‌ಗೆ ಅದರಲ್ಲಿ ದಪ್ಪದ್ದನ್ನು ಆರಿಸಿ. ಪಟ್ಟಿಯಲ್ಲೇ ಇಲ್ಲದ 20ಡಬ್ಲ್ಯೂ-50 ಸುರಿಯಬೇಡಿ. ಕೈಪಿಡಿ ಕಳೆದುಹೋಗಿದ್ದರೆ ಆಯಿಲ್ ಹಾಕುವ ಮುಚ್ಚಳ ನೋಡಿ, ಬಹಳ ಗಾಡಿಗಳಲ್ಲಿ ಗ್ರೇಡ್ ಅಲ್ಲೇ ಕೊರೆದಿರುತ್ತದೆ.

ಎರಡನೆಯ ಸಂಗತಿ ಎಪಿಐ ಅಕ್ಷರ. ಪೆಟ್ರೋಲ್ ಎಂಜಿನ್‌ಗೆ ಎಸ್ ಅಕ್ಷರದಿಂದ ಶುರು, ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಎಸ್‌ಪಿಯಲ್ಲಿ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಸೇರಿದೆ. ಅಗ್ಗದ ಡಬ್ಬಿಗಳ ಹಿಂದೆ ಕೆಲವೊಮ್ಮೆ ಎಸ್‌ಎಫ್ ಅಂತ ಇರುತ್ತದೆ. ಅದು 1988ರ ನಂತರದ ಎಂಜಿನ್‌ಗಳಿಗೆ ಆಗುವುದಲ್ಲ ಎಂದು ಎಪಿಐ ತಾನೇ ಹೇಳಿದೆ. ನಿಮ್ಮ 2015ರ ಗಾಡಿಗೆ ಅದನ್ನು ಹಾಕಿ "ಬ್ರ್ಯಾಂಡ್ ಒಳ್ಳೇದೇ ಇತ್ತಲ್ಲ" ಅಂದರೆ ಏನು ಉಪಯೋಗ?

ಡೀಸೆಲ್ ಪಿಕಪ್‌ಗೆ ಸಿ ಅಕ್ಷರ ನೋಡಬೇಕು: ಸಿಐ-4, ಸಿಕೆ-4 ಹೀಗೆ. ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಫಿಲ್ಟರ್ ಇರುವ ಹೊಸ ಗಾಡಿಯಾದರೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು. ಡಬ್ಬಿಯ ಮೇಲೆ ಎಸಿಇಎ ಸಿ2, ಸಿ3 ಅಥವಾ ಜಾಸೋ ಡಿಎಲ್-1, ಇವುಗಳಲ್ಲಿ ಕೈಪಿಡಿ ಯಾವುದು ಹೇಳಿದೆಯೋ ಅದು ಇರಬೇಕು. ಬೇರೆ ಎಣ್ಣೆ ಹಾಕಿದರೆ ಬೂದಿ ಫಿಲ್ಟರ್‌ನಲ್ಲೇ ಕೂತು ಅದು ಕಟ್ಟಿಕೊಳ್ಳುತ್ತದೆ, ಆಮೇಲೆ ಬರುವ ಬಿಲ್ಲಿನ ಮುಂದೆ ಎಣ್ಣೆಯ ರೇಟು ಲೆಕ್ಕಕ್ಕೇ ಇಲ್ಲ.

ಈಗ ಅಸಲು ವಿಷಯ. ಗಲ್ಫ್‌ನಲ್ಲಿ ನಮ್ಮ ಪಿಕಪ್‌ಗಳನ್ನು ತಿನ್ನುವುದು ಕಿಲೋಮೀಟರಿಗಿಂತ ಹೆಚ್ಚಾಗಿ ಐಡ್ಲಿಂಗ್. ಲೋಡಿಂಗ್‌ಗೆ ಕಾಯುವಾಗ ಎಂಜಿನ್ ಆನ್, ಊಟದ ಹೊತ್ತಿಗೆ ಎಸಿಗಾಗಿ ಆನ್. ಯಾರನ್ನೂ ದೂರುವ ಹಾಗಿಲ್ಲ, 46 ಡಿಗ್ರಿಯಲ್ಲಿ ಎಸಿ ಇಲ್ಲದೆ ಕ್ಯಾಬಿನ್‌ನಲ್ಲಿ ಕೂರುವುದಾದರೂ ಹೇಗೆ? ಆದರೆ ಮೀಟರ್ ನಿಂತಿದ್ದರೂ ಎಂಜಿನ್ ಒಳಗೆ ಎಣ್ಣೆ ದುಡಿಯುತ್ತಲೇ ಇರುತ್ತದೆ. ಗಾಳಿ ಹೊಡೆಯುವುದಿಲ್ಲವಾದ್ದರಿಂದ ಬಾನೆಟ್ ಒಳಗಿನ ಬಿಸಿ ಹೊರಗೆ ಹೋಗುವುದೂ ಇಲ್ಲ. ತುಂಬಾ ಟ್ರಕ್ ಇರುವ ಕಂಪನಿಗಳಲ್ಲಿ ಒಂದು ಗಂಟೆ ಐಡ್ಲಿಂಗನ್ನು ಸುಮಾರು 40 ಕಿ.ಮೀ. ಓಟ ಎಂದು ಹಿಡಿಯುವ ರೂಢಿ ಇದೆ. ನೀವೇ ಲೆಕ್ಕ ಹಾಕಿ: ದಿನಕ್ಕೆ ಎರಡು ಗಂಟೆ, ತಿಂಗಳಿಗೆ 25 ದಿನ, ಅಂದರೆ 50 ಗಂಟೆ, 2,000 ಕಿ.ಮೀ. ಮೀಟರ್ 3,000 ತೋರಿಸಿದರೆ ಎಂಜಿನ್ ಪಾಲಿಗೆ 5,000 ಆಗಿದೆ. ಸ್ಟಿಕ್ಕರ್‌ನಲ್ಲಿ ಬರೆದ ಮುಂದಿನ ಕಿಲೋಮೀಟರ್ ನೋಡಿಕೊಂಡು ಕೂತವರು ಇಲ್ಲೇ ಸಿಕ್ಕಿಬೀಳುವುದು.

ಸಿಂಥೆಟಿಕ್‌ನ ನಿಜವಾದ ಪ್ರಯೋಜನ ಇರುವುದೂ ಇಲ್ಲೇ. ಎಣ್ಣೆಯ ಬಿಸಿ ಪ್ರತಿ 10 ಡಿಗ್ರಿ ಏರಿದಾಗ ಅದು ಹಳಸುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎನ್ನುವುದು ಈ ಕಸುಬಿನ ಹಳೇ ಲೆಕ್ಕ. ಮಿನರಲ್ ಎಣ್ಣೆ ಹಳಸಿದರೆ ದಪ್ಪವಾಗಿ, ಕಪ್ಪು ಕೆಸರಾಗಿ ಸಣ್ಣ ದಾರಿಗಳಲ್ಲಿ ಕಟ್ಟುತ್ತದೆ. ಟರ್ಬೊ ಇರುವ ಡೀಸೆಲ್‌ನಲ್ಲಿ ಇದು ಇನ್ನೂ ಬೇಗ, ಯಾಕೆಂದರೆ ಟರ್ಬೊ ಬೇರಿಂಗ್ ಹತ್ತಿರದ ಎಣ್ಣೆ ವಿಪರೀತ ಕಾಯುತ್ತದೆ. ಸಿಂಥೆಟಿಕ್ ಇದನ್ನು ಹೆಚ್ಚು ಹೊತ್ತು ತಡೆಯುತ್ತದೆ, ಆವಿಯಾಗಿ ಹೋಗುವುದೂ ಕಡಿಮೆ. ಹೊಸ ಗಾಡಿ, ಟರ್ಬೊ ಗಾಡಿ, ದಿನವಿಡೀ ಓಡುವ ಡೆಲಿವರಿ ಗಾಡಿಗಳಿಗೆ ಸಿಂಥೆಟಿಕ್‌ಗೆ ಕೊಟ್ಟ ದುಡ್ಡು ವಸೂಲಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ದುಡ್ಡಿನ ಲೆಕ್ಕ ಹೀಗೆ ನೋಡಿ. ಮಿನರಲ್‌ಗೆ 50 ದಿರ್ಹಮ್, ಸಿಂಥೆಟಿಕ್‌ಗೆ 110, ಫಿಲ್ಟರ್ ಮತ್ತು ಕೂಲಿ 25 ಅಂತ ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ನಿಮ್ಮ ಅಂಗಡಿಯ ರೇಟು ಹಾಕಿಕೊಳ್ಳಿ. 5,000ಕ್ಕೆ ಒಮ್ಮೆ ಮಿನರಲ್ ಎಂದರೆ 10,000ಕ್ಕೆ 150. ಸಿಂಥೆಟಿಕ್ ಒಂದೇ ಸಲ, 135. ಗಾಡಿ ಗ್ಯಾರೇಜಿನಲ್ಲಿ ನಿಲ್ಲುವುದೂ ಒಂದು ಸಲ ಕಡಿಮೆ. ಆದರೆ ಸಿಂಥೆಟಿಕ್ ಹಾಕಿಯೂ 5,000ಕ್ಕೇ ಬದಲಿಸಿದರೆ ಈ ಲೆಕ್ಕ ಮಗುಚಿ ಬೀಳುತ್ತದೆ. ಐಡ್ಲಿಂಗ್ ಸೇರಿಸಿ 10,000 ಹಿಡಿಯಿರಿ, ಅಂದರೆ ಮೇಲಿನ ಉದಾಹರಣೆಯ ಗಾಡಿಗೆ ಮೀಟರ್‌ನಲ್ಲಿ 6,000. ಕೈಪಿಡಿ ಅಷ್ಟು ಬಿಡದಿದ್ದರೆ ಕೈಪಿಡಿಯ ಮಾತೇ ಕೊನೆ.

ಇನ್ನು ದಂಡ ಯಾವಾಗ? ಮೂರು ನಾಲ್ಕು ಲಕ್ಷ ಕಿ.ಮೀ. ಓಡಿ, ನೀಲಿ ಹೊಗೆ ಬಿಡುತ್ತಾ, ವಾರಕ್ಕೊಮ್ಮೆ ಅರ್ಧ ಲೀಟರ್ ಎಣ್ಣೆ ಕುಡಿಯುವ ಗಾಡಿಗೆ. ಸವೆದ ರಿಂಗನ್ನು ಯಾವ ಎಣ್ಣೆಯೂ ಸರಿ ಮಾಡುವುದಿಲ್ಲ, ದುಬಾರಿ ಎಣ್ಣೆ ಹೊಗೆಯಾಗಿ ಹೋಗುತ್ತದೆ ಅಷ್ಟೆ. ಅದಕ್ಕೆ ಸರಿಯಾದ ಗ್ರೇಡಿನ ಒಳ್ಳೆಯ ಮಿನರಲ್ ಸಾಕು. ಮರಳಿನ ಧೂಳಿಗೂ ಸಿಂಥೆಟಿಕ್ ಮದ್ದಲ್ಲ. ಏರ್ ಫಿಲ್ಟರ್ ಹರಿದಿದ್ದರೆ ಒಳಗೆ ಹೋದ ಮರಳು ಉಜ್ಜುಕಾಗದದ ಕೆಲಸ ಮಾಡುತ್ತದೆ. "ಹಳೇ ಗಾಡಿಗೆ ಸಿಂಥೆಟಿಕ್ ಹಾಕಿದರೆ ಲೀಕ್ ಆಗುತ್ತದೆ", "ಮಿನರಲ್ ಜತೆ ಬೆರೆಸಿದರೆ ಎಂಜಿನ್ ಸೀಜ್" ಎನ್ನುವುದೆಲ್ಲ ಈಗಿನ ಎಣ್ಣೆಗಳಿಗೆ ಹೊಂದುವ ಮಾತಲ್ಲ. ಎಪಿಐ ಪರವಾನಗಿ ಇರುವ ಎಣ್ಣೆಗಳು ಒಂದಕ್ಕೊಂದು ಬೆರೆಯಲೇಬೇಕೆಂಬ ನಿಯಮವಿದೆ. ದಾರಿಯಲ್ಲಿ ಎಣ್ಣೆ ಕಡಿಮೆ ಆದರೆ ಅದೇ ಗ್ರೇಡಿನದ್ದು ಯಾವ ಬ್ರ್ಯಾಂಡ್ ಸಿಕ್ಕರೂ ಹಾಕಿ, ಒಣಗಿಸಿಕೊಂಡು ಓಡಿಸಬೇಡಿ.

ನಕಲಿಯ ಕಾಟವೂ ಇದೆ. ಖಾಲಿ ಡಬ್ಬಿ ಸಂಗ್ರಹಿಸಿ ಕಂಡಕಂಡ ಎಣ್ಣೆ ತುಂಬಿ ಮಾರುವವರು ಇದ್ದಾರೆ. ಬೇರೆಲ್ಲ ಅಂಗಡಿಗಿಂತ ಅರ್ಧ ಬೆಲೆಗೆ ಸಿಂಥೆಟಿಕ್ ಕೊಡುತ್ತೇನೆ ಅಂದರೆ ಅನುಮಾನ ಪಡಿ. ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ. ಡ್ರಮ್ಮಿನಿಂದ ಜಗ್‌ನಲ್ಲಿ ತಂದದ್ದನ್ನು ಬೇಡ ಅನ್ನಿ. ಖಾಲಿ ಡಬ್ಬಿಗೆ ಸ್ಕ್ರೂಡ್ರೈವರ್‌ನಿಂದ ಒಂದು ತೂತು ಹೊಡೆದು ಬಿಡಿ, ಇನ್ನೊಬ್ಬರಿಗೆ ಅದರಲ್ಲಿ ತುಂಬಿ ಮಾರಲು ಆಗಬಾರದು.

ಬಿಲ್ಲಿನಲ್ಲಿ ಬರೀ 'ಆಯಿಲ್ ಚೇಂಜ್' ಅಂತ ಬರೆಸಿಕೊಳ್ಳಬೇಡಿ. ಗ್ರೇಡ್, ಎಪಿಐ ಅಕ್ಷರ, ಲೀಟರ್, ತಾರೀಕು, ಮೀಟರ್ ರೀಡಿಂಗ್ ಬರಲಿ. ಗಾಡಿ ವಾರಂಟಿಯಲ್ಲಿದ್ದರೂ, ಕಂಪನಿಯ ಗಾಡಿಯಾಗಿದ್ದರೂ, ಎಂಜಿನ್ ಹೋದ ದಿನ ಡ್ರೈವರ್ ಕೈಯಲ್ಲಿ ಇರುವ ಸಾಕ್ಷಿ ಅದೊಂದೇ. ಕಂಪನಿ ಸರ್ವಿಸ್ ಮುಂದೂಡುತ್ತಿದ್ದರೆ ಮೀಟರ್ ಫೋಟೋ ಹಾಕಿ "ಆಯಿಲ್ ಚೇಂಜ್ ಆಗಬೇಕು" ಎಂದು ಸೂಪರ್‌ವೈಸರ್‌ಗೆ ವಾಟ್ಸಾಪ್‌ನಲ್ಲಿ ತಿಳಿಸಿ, ಫೋನಿನಲ್ಲಿ ಬಾಯಿಮಾತಿಗೆ ಬಿಡಬೇಡಿ. ಬಿಲ್ಲಿನ ಥರ್ಮಲ್ ಪೇಪರ್ ಡ್ಯಾಶ್‌ಬೋರ್ಡ್ ಬಿಸಿಗೆ ಬೇಗ ಕಪ್ಪಾಗಿ ಅಕ್ಷರ ಕಾಣದಂತೆ ಆಗುತ್ತದೆ. ಅದರದ್ದೂ ಅವತ್ತೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.