ಮದ್ದು ತಂದ ಬೇನೆ

ರೋಗ ಬಂದವರು ಆಸ್ಪತ್ರೆಗೆ ಹೋಗುವರು. ಅಲ್ಲಿ ಮದ್ದು ಪಡೆದು, ಗುಣ ಹೊಂದಿ ಮನೆಗೆ ಮರಳುವರು. ಆಸ್ಪತ್ರೆಯ ವಿಷಯದಲ್ಲಿ ನಮ್ಮೆಲ್ಲರ ಕಲ್ಪನೆ ಇದೇ. ಆದರೆ ಮದ್ದನ್ನು ಸೇವಿಸಿದ ಕಾರಣದಿಂದಲೇ ಆಸ್ಪತ್ರೆ ಸೇರಬೇಕಾದವರೂ ಉಂಟು. ಅಂಥವರು ಎಷ್ಟು ಮಂದಿ? ಇದನ್ನು ಊಹೆಗೆ ಬಿಡದೆ ಎಣಿಸಿ ನೋಡಿದವರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪ್ರದೇಶದ ವೈದ್ಯರು ಮುಖ್ಯರು.

ಮುನೀರ್ ಪೀರ್‌ಮೊಹಮ್ಮದ್ ಎಂಬ ಔಷಧವಿಜ್ಞಾನಿಯೂ ಅವರ ಸಂಗಡಿಗರೂ ಅಲ್ಲಿಯ ಎರಡು ದೊಡ್ಡ ಆಸ್ಪತ್ರೆಗಳಿಗೆ ಆರು ತಿಂಗಳಲ್ಲಿ ದಾಖಲಾದ 18,820 ರೋಗಿಗಳ ವಿವರಗಳನ್ನು ಪರಿಶೀಲಿಸಿದರು. ಫಲಿತಾಂಶವು 2004ರಲ್ಲಿ ಪ್ರಕಟವಾಯಿತು. 1,225 ಮಂದಿಯ ವಿಷಯದಲ್ಲಿ, ಎಂದರೆ ಸುಮಾರು ಹದಿನೈದು ಮಂದಿಯಲ್ಲಿ ಒಬ್ಬರಿಗೆ, ಔಷಧದ ದುಷ್ಪರಿಣಾಮ ಉಂಟಾಗಿತ್ತು. ಅವರಲ್ಲಿ ಬಹುಪಾಲು ಜನ ಆಸ್ಪತ್ರೆ ಸೇರಲು ನೇರ ಕಾರಣವೇ ಅದಾಗಿತ್ತು. 28 ಮಂದಿ ಬದುಕಿ ಉಳಿಯಲಿಲ್ಲ.

ಇಷ್ಟು ಹಾನಿ ಮಾಡಿದ ಔಷಧಗಳು ಅಪರೂಪದವೂ ಉಗ್ರವಾದವೂ ಆಗಿದ್ದಿರಬೇಕೆಂದು ಯಾರಿಗಾದರೂ ತೋರೀತು. ಆದರೆ ಪಟ್ಟಿಯ ಮೊದಲಲ್ಲಿದ್ದುವು ಅಲ್ಪ ಪ್ರಮಾಣದ ಆಸ್ಪಿರಿನ್, ಮೂತ್ರವರ್ಧಕಗಳು, ವಾರ್ಫರಿನ್ ಮತ್ತು ನೋವು ನಿವಾರಕ ಮಾತ್ರೆಗಳು. ಇವೆಲ್ಲವೂ ಮನೆಮನೆಯ ಕಪಾಟಿನಲ್ಲಿ ಇರಬಹುದಾದ ಸಾಧಾರಣ ಮದ್ದುಗಳು!

ಆಸ್ಪಿರಿನ್ ಹೇಗೆ ಹಾನಿ ಮಾಡುವುದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಗಾಯವಾದಾಗ ರಕ್ತದಲ್ಲಿರುವ ಕಿರುತಟ್ಟೆಗಳೆಂಬ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡು ರಕ್ತವನ್ನು ತಡೆಯುತ್ತವೆ. ಇವೇ ಕಣಗಳು ಹೃದಯದ ರಕ್ತನಾಳದೊಳಗೆ ಗಂಟುಕಟ್ಟಿದರೆ ಹೃದಯಾಘಾತವಾಗುವುದು. ಆಸ್ಪಿರಿನ್ ಈ ಅಂಟುವ ಗುಣವನ್ನು ಕುಂದಿಸುತ್ತದೆ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳ ಉತ್ಪತ್ತಿಯನ್ನೂ ಅದು ತಗ್ಗಿಸುತ್ತದೆ. ರಕ್ಷಣೆ ಕಳೆದುಕೊಂಡ ಜಠರದಲ್ಲಿ ಹುಣ್ಣಾಗುತ್ತದೆ. ಹುಣ್ಣಿನಿಂದ ಸುರಿಯುವ ರಕ್ತವು ಬೇಗನೆ ಹೆಪ್ಪುಗಟ್ಟದು. ಹೃದಯವನ್ನು ಉಳಿಸುವ ಗುಣವೇ ಇಲ್ಲಿ ಮುಳುವಾಗುತ್ತದೆ. ಲಿವರ್‌ಪೂಲಿನ ಸಮೀಕ್ಷೆಯಲ್ಲಿ ಅತಿ ಹೆಚ್ಚಾಗಿ ಕಂಡುಬಂದ ತೊಂದರೆ ಜಠರ ಮತ್ತು ಕರುಳಿನ ರಕ್ತಸ್ರಾವವೇ. ಹಾಗೆಂದು ವೈದ್ಯರು ಕೊಟ್ಟ ಆಸ್ಪಿರಿನ್ನನ್ನು ಭಯದಿಂದ ಬಿಸುಡುವುದು ಇನ್ನೂ ಅಪಾಯಕರ. ಹೃದ್ರೋಗಿಗಳೆಷ್ಟೋ ಮಂದಿ ಅದರಿಂದ ಬದುಕಿದ್ದಾರೆ.

ವಾರ್ಫರಿನ್‌ನ ವಿಷಯವೂ ಹೀಗೆಯೇ. ಅದರ ಪ್ರಮಾಣ ತುಸು ಹೆಚ್ಚಿದರೆ ರಕ್ತಸ್ರಾವ, ತುಸು ತಗ್ಗಿದರೆ ನಾಳಗಳಲ್ಲಿ ಹೆಪ್ಪು. ಮೂತ್ರವರ್ಧಕಗಳು ಮೈಯ ನೀರನ್ನೂ ಲವಣಗಳನ್ನೂ ಹೊರಹಾಕುವುದರಿಂದ ವೃದ್ಧರಿಗೆ ತಲೆ ಸುತ್ತಿ ಬೀಳುವ ಭಯವಿದೆ.

ಈ ಪ್ರಕರಣಗಳಲ್ಲಿ ಹತ್ತರಲ್ಲಿ ಏಳನ್ನು ತಪ್ಪಿಸಲು ಸಾಧ್ಯವಿತ್ತೆಂದು ಸಂಶೋಧಕರು ನಿರ್ಣಯಿಸಿದರು. ನನಗೆ ಸತ್ತವರ ಸಂಖ್ಯೆಗಿಂತಲೂ ಕಳವಳಕಾರಿಯಾಗಿ ತೋರುವುದು ಈ ಮಾತೇ. ಆಸ್ಪಿರಿನ್ ಸೇವಿಸುತ್ತಿರುವ ವೃದ್ಧನೊಬ್ಬನು ಮಂಡಿನೋವಿಗೆಂದು ಅಂಗಡಿಯಿಂದ ಬೇರೊಂದು ಮಾತ್ರೆಯನ್ನು ತಾನೇ ಕೊಂಡು ನುಂಗಿದನೆನ್ನಿ. ಜಠರದ ಮೇಲೆ ಎರಡರ ಹೊರೆಯೂ ಬೀಳುತ್ತದೆ. ಈ ಸಂಗತಿ ಅವನ ವೈದ್ಯನಿಗೆ ತಿಳಿದೇ ಇರುವುದಿಲ್ಲ.

ಹೊಸ ಔಷಧವನ್ನು ಮಾರುಕಟ್ಟೆಗೆ ಬಿಡುವ ಮೊದಲು ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲೆ ಪರೀಕ್ಷಿಸುತ್ತಾರೆ. ಅಪರೂಪದ ಹಾನಿಯು ಲಕ್ಷಾಂತರ ಜನ ಬಳಸಿದ ಮೇಲೆಯೇ ಬೆಳಕಿಗೆ ಬರುವುದು. ಥಾಲಿಡೊಮೈಡ್ ಎಂಬ ಮದ್ದು ಸಾವಿರಾರು ಶಿಶುಗಳನ್ನು ಗರ್ಭದಲ್ಲಿಯೇ ಅಂಗವಿಕಲಗೊಳಿಸಿದ ತರುವಾಯ, 1964ರಲ್ಲಿ ಬ್ರಿಟನ್ನಿನ ವೈದ್ಯರು ಇಂಥ ಹಾನಿಗಳನ್ನು ಹಳದಿ ಕಾರ್ಡಿನಲ್ಲಿ ಬರೆದು ಸರ್ಕಾರಕ್ಕೆ ಕಳುಹಿಸುವ ಪದ್ಧತಿ ಬಂದಿತು. ಭಾರತದಲ್ಲಿ ಇದಕ್ಕೆಂದು ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಲ್ಲಿ ಆರಂಭವಾಯಿತು. ಗಾಜಿಯಾಬಾದಿನಲ್ಲಿರುವ ಅದರ ಕೇಂದ್ರಕ್ಕೆ ವೈದ್ಯರು, ದಾದಿಯರು, ಔಷಧ ವ್ಯಾಪಾರಿಗಳಷ್ಟೇ ಅಲ್ಲದೆ ಮದ್ದಿನಿಂದ ತೊಂದರೆಗೊಳಗಾದ ರೋಗಿಯು ತಾನೇ ವರದಿ ಕಳುಹಿಸಲು ಅವಕಾಶವಿದೆ.