ತಂತಿಯ ದನಿ, ಮರದ ದನಿ

ಮನೆಯ ಕೋಣೆಯಲ್ಲಿ ಗಿಟಾರ್ ನುಡಿಸಿ, ತಮ್ಮ ವಾದನವನ್ನು ತಾವೇ ಮುದ್ರಿಸಿಕೊಳ್ಳುವ ಹವ್ಯಾಸಿಗಳು ಇಂದು ಅನೇಕರಿದ್ದಾರೆ. ಮರದ ಒಡಲಿನ ಗಿಟಾರು, ಅದರೊಳಗೆ ಅಡಗಿರುವ ಪುಟ್ಟ ಪಿಕಪ್, ಒಂದು ಆಂಪ್ಲಿಫೈಯರ್ ಅಥವಾ ವರ್ಧಕ, ಒಂದು ಕಂಪ್ಯೂಟರ್ ಇಷ್ಟಿದ್ದರೆ ಸಾಕೆಂದು ತೋರುತ್ತದೆ. ಆದರೆ ಮುದ್ರಿಸಿದುದನ್ನು ಕೇಳಿದಾಗ ಬಹುಮಟ್ಟಿಗೆ ನಿರಾಶೆಯೇ ಫಲ. ನುಡಿಸುವಾಗ ಕಿವಿತುಂಬಿದ ನಾದವು ತೆಳುವಾಗಿ, ತಗಡನ್ನು ತಟ್ಟಿದಂತೆ ಕೇಳಿಸುತ್ತದೆ. ವಾದಕನು ತನ್ನ ಕೈಯನ್ನೋ ವಾದ್ಯವನ್ನೋ ಹಳಿಯುತ್ತಾನೆ. ದೋಷವು ಇವೆರಡರಲ್ಲಿಯೂ ಇಲ್ಲದಿರಬಹುದು.

ಗಿಟಾರಿನ ನಾದವು ಹುಟ್ಟುವುದೆಲ್ಲಿ ಎಂಬುದನ್ನು ನಾವು ಮೊದಲು ವಿಚಾರಿಸೋಣ. ತೆಳುವಾದ ತಂತಿಯು ಗಾಳಿಯನ್ನು ಸೀಳುತ್ತದೆಯೇ ಹೊರತು ತಳ್ಳಲಾರದು. ಒಂಟಿ ತಂತಿಯ ಸದ್ದು ಅತ್ಯಲ್ಪ. ಅದರ ಕಂಪನವು ಕುದುರೆಯ ಮೂಲಕ ಮುಂಭಾಗದ ಹಲಗೆಗೆ ಸಾಗುತ್ತದೆ. ವಿಶಾಲವಾದ ಹಲಗೆಯೂ ಒಡಲೊಳಗಿನ ಗಾಳಿಯೂ ಅದನ್ನು ನಾದವನ್ನಾಗಿಸುತ್ತವೆ. ಸಾಧಾರಣ ಗಿಟಾರಿನಲ್ಲಿ ಗಾಳಿಯು ಸೆಕೆಂಡಿಗೆ ಸುಮಾರು 100 ಕಂಪನಗಳಲ್ಲಿಯೂ ಹಲಗೆಯು ಸುಮಾರು 200ರಲ್ಲಿಯೂ ಅನುರಣಿಸುತ್ತವೆ. ಸ್ಪೇನಿನ ಪ್ರಸಿದ್ಧ ಗಿಟಾರ್ ಶಿಲ್ಪಿ ಆಂಟೋನಿಯೋ ದೆ ಟೋರೆಸ್ 1862ರಲ್ಲಿ ಬೆನ್ನು, ಪಕ್ಕಗಳನ್ನು ಕಾಗದದ ರಟ್ಟಿನಿಂದಲೂ ಮುಂದಲಗೆಯನ್ನು ಮಾತ್ರ ಮರದಿಂದಲೂ ಮಾಡಿ ಒಂದು ಗಿಟಾರನ್ನು ರಚಿಸಿದನು. ಮುಂದಲಗೆಯ ಮಹತ್ವವನ್ನು ತೋರಿಸುವುದೇ ಅವನ ಉದ್ದೇಶ.

ಇನ್ನು ಪಿಕಪ್ಪಿನ ವಿಚಾರ. ಕೆಲವು ಹರಳುಗಳನ್ನು ಒತ್ತಿದಾಗ ಅವುಗಳಲ್ಲಿ ವಿದ್ಯುತ್ತು ಉಂಟಾಗುವುದನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದರು. ಇದೇ ತತ್ತ್ವದಿಂದ ಕೆಲಸ ಮಾಡುವ ಪಟ್ಟಿಯೊಂದನ್ನು ತಂತಿಗಳು ಒರಗುವೆಡೆಯ ಕೆಳಗೆ ಇರಿಸಿರುತ್ತಾರೆ. ಅದು ಅಳೆಯುವುದು ಮುಖ್ಯವಾಗಿ ತಂತಿಯ ಒತ್ತಡವನ್ನು. ಹಲಗೆಯೂ ಗಾಳಿಯೂ ಮಾಡುವ ಕೆಲಸದ ಬಹುಪಾಲು ಅದರ ಅರಿವಿಗೆ ಬಾರದು. ವರ್ಧಕವು ತನಗೆ ತಲಪಿದುದನ್ನು ಹಿಗ್ಗಿಸಬಲ್ಲುದು. ತಲಪದ ನಾದವನ್ನು ಎಲ್ಲಿಂದ ತಂದೀತು?

ಇಲ್ಲಿ ಇನ್ನೊಂದು ತೊಡಕೂ ಉಂಟು. ಈ ಪಟ್ಟಿಯು ವಿದ್ಯುತ್ತಿನ ದೃಷ್ಟಿಯಿಂದ ಒಂದು ಚಿಕ್ಕ ಕೆಪಾಸಿಟರ್. ಅದರ ಧಾರಣಶಕ್ತಿಯು ಒಂದು ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳೋಣ. ಅದನ್ನು 10,000 ಓಮ್ ರೋಧವುಳ್ಳ ಉಪಕರಣಕ್ಕೆ ನೇರವಾಗಿ ಜೋಡಿಸಿದರೆ, ಸೆಕೆಂಡಿಗೆ ಸುಮಾರು 16,000 ಕಂಪನಗಳಿಗಿಂತ ಕೆಳಗಿನ ಸ್ವರಗಳೆಲ್ಲ ಕ್ಷೀಣಿಸುತ್ತವೆ. ಗಿಟಾರಿನ ಅತಿ ಮಂದ್ರ ತಂತಿಯ ಕಂಪನಗಳಾದರೋ ಕೇವಲ 82! ರೋಧವು 10 ಮೆಗಾಓಮ್ ಆದರೆ ಈ ಮಿತಿಯು 16ಕ್ಕೆ ಇಳಿದು ಮಂದ್ರವು ಉಳಿಯುತ್ತದೆ. ಪಿಕಪ್ಪಿಗೂ ಮುದ್ರಣಯಂತ್ರಕ್ಕೂ ನಡುವೆ ಪೂರ್ವವರ್ಧಕವೊಂದು ಬೇಕೆನ್ನುವುದು ಇದಕ್ಕಾಗಿಯೇ.

ವರ್ಧಕದ ಆಯ್ಕೆಯೂ ಮುಖ್ಯ. ವಿದ್ಯುತ್ ಗಿಟಾರಿಗೆಂದು ಮಾಡಿದ ವರ್ಧಕಗಳ 12 ಅಂಗುಲದ ಧ್ವನಿವರ್ಧಕವು ಸಾಮಾನ್ಯವಾಗಿ 5,000 ಕಂಪನಗಳ ಮೇಲೆ ಬೇಗನೆ ಸೋಲುತ್ತದೆ. ಮರದ ಗಿಟಾರಿನ ಮಿನುಗು ಅಲ್ಲಿಯೇ ನಶಿಸುತ್ತದೆ. ಸದ್ದು ಮಿತಿಮೀರಿದರೆ ಅದು ಗಿಟಾರಿನ ಒಡಲನ್ನು ಮತ್ತೆ ಅಲುಗಿಸಿ, ಪಿಕಪ್ಪಿನ ಮೂಲಕ ಪುನಃ ವರ್ಧಕಕ್ಕೆ ಮರಳುತ್ತದೆ. ಈ ಚಕ್ರವು ಬೆಳೆದು ಊಳಿಡತೊಡಗುತ್ತದೆ. ವರ್ಧಕವನ್ನು ದೂರವಿರಿಸಿ, ಸದ್ದನ್ನು ತಗ್ಗಿಸುವುದೇ ಇದಕ್ಕೆ ಮದ್ದು.

ಮರದ ದನಿ ಬೇಕೆಂಬವರಿಗೆ ಮೈಕ್ರೋಫೋನೇ ಗತಿ. ಅದನ್ನು ನಾದರಂಧ್ರದ ನೇರಕ್ಕೆ ಇರಿಸಬಾರದು. ಗಾಳಿಯ ಅನುರಣನವು ಅಲ್ಲಿ ಗುಮ್ಮೆನ್ನುತ್ತದೆ. ಹನ್ನೆರಡನೆಯ ಮೆಟ್ಟಿನ ಎದುರು, ಒಂದಡಿಯಷ್ಟು ದೂರದಿಂದ ಪರೀಕ್ಷೆಯನ್ನು ಆರಂಭಿಸಬಹುದು. ಮೈಕ್ರೋಫೋನನ್ನೂ ಪಿಕಪ್ಪನ್ನೂ ಕೂಡಿಸುವವರು ಒಂದು ಲೆಕ್ಕವನ್ನು ಮರೆಯಬಾರದು. ಶಬ್ದವು 34 ಸೆಂಟಿಮೀಟರ್ ಸಾಗಲು ಸೆಕೆಂಡಿನ ಸಾವಿರದ ಒಂದಂಶ ಹಿಡಿಯುತ್ತದೆ. ಅಷ್ಟು ತಡವಾಗಿ ಬಂದ ದನಿಯನ್ನು ಇನ್ನೊಂದರೊಡನೆ ಸೇರಿಸಿದರೆ 500, 1,500, 2,500 ಕಂಪನಗಳ ಬಳಿ ಅವು ಒಂದನ್ನೊಂದು ಅಳಿಸುತ್ತವೆ. ಕಂಪ್ಯೂಟರಿನಲ್ಲಿ ಒಂದನ್ನು ಅಷ್ಟೇ ಸರಿಸಿ ಹೊಂದಿಸುವುದು ಸುಲಭ.

ವೀಣೆಯ ಹಲಸಿನ ಒಡಲಿಗೆ ಸಂಪರ್ಕ ಮೈಕ್ರೋಫೋನನ್ನು ಅಂಟಿಸಿ ನುಡಿಸುವವರೂ ಈ ವಿಷಯವನ್ನು ಗಮನಿಸಬಹುದು. ಆಸಕ್ತರು ಒಂದೇ ಸ್ವರಸಮೂಹವನ್ನು ಪಿಕಪ್ಪಿನಿಂದ ನೇರವಾಗಿ, ವರ್ಧಕದ ಮುಂದೆ ಮೈಕ್ರೋಫೋನಿಟ್ಟು, ವಾದ್ಯದ ಮುಂದೆ ಮೈಕ್ರೋಫೋನಿಟ್ಟು, ಹೀಗೆ ಮೂರು ಬಾರಿ ಮುದ್ರಿಸಿ, ಮೂರನ್ನೂ ಸಮನಾದ ಸದ್ದಿನಲ್ಲಿ ಕೇಳಿ ನೋಡಲಿ. ಹೊಸ ಉಪಕರಣಕ್ಕೆ ಹಣ ತೆರುವ ಮುನ್ನ ಈ ಪರೀಕ್ಷೆಯು ಮೇಲು.